ಹಳೆಯ ಡೀಸೆಲ್ ಮೋಟರ್‌ಹೋಮ್‌ಗೆ ಯಾವ ಎಂಜಿನ್? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದವರಲ್ಲಿ ಅಡುಗೆಮನೆ, ಮಂಚ ಎಲ್ಲ ಒಳಗೇ ಇರುವ ಗಾಡಿಯನ್ನು, ಅಂದರೆ ಮೋಟರ್‌ಹೋಮ್ ಅನ್ನು, ಸೆಕೆಂಡ್ ಹ್ಯಾಂಡ್ ಕೊಳ್ಳುವ ಆಸೆ ಈಚೆಗೆ ಹೆಚ್ಚಾಗಿದೆ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಸುತ್ತಬೇಕೆನ್ನುವವರಿದ್ದಾರೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮನೆ ಅಡುಗೆ ತಪ್ಪದಂತೆ ದೇಶ ತೋರಿಸಬೇಕೆನ್ನುವವರೂ ಇದ್ದಾರೆ. ಅವರು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಮ್ಮಪ್ಪ ತಿಪಟೂರಿನಿಂದ ಕೊಬ್ಬರಿ ಸಾಗಿಸುತ್ತಿದ್ದ ಲಾರಿ ಮಾಲೀಕ, ನಾನು ಡೀಸೆಲ್ ವಾಸನೆಯಲ್ಲೇ ಬೆಳೆದವನು. ಈಗ ಕ್ಯಾಲಿಫೋರ್ನಿಯಾದಲ್ಲಿದ್ದು ಎರಡನೆಯ ಮೋಟರ್‌ಹೋಮ್ ಓಡಿಸುತ್ತಿದ್ದೇನೆ. ಮೊದಲನೆಯದನ್ನು ಕೊಂಡಾಗ ಎಂಜಿನ್ ಬಿಟ್ಟು ಮಿಕ್ಕೆಲ್ಲವನ್ನೂ ಚೆನ್ನಾಗಿ ನೋಡಿದ್ದೆ. ಆ ತಪ್ಪು ನಿಮ್ಮಿಂದ ಆಗಬಾರದು.

ಪೆಟ್ರೋಲ್ ಎಂಜಿನ್ನಿನದು ಅಗ್ಗಕ್ಕೆ ಸಿಗುತ್ತದಲ್ಲ, ಡೀಸೆಲ್ಲೇ ಯಾಕೆ?

ವರ್ಷಕ್ಕೆ ಎರಡು ಸಲ ಮಾತ್ರ, ಅದೂ ಬಯಲು ಸೀಮೆಯಲ್ಲಿ ಓಡಿಸುವುದಾದರೆ ಡೀಸೆಲ್ ಬೇಡ. ಫೋರ್ಡ್‌ನ 6.8 ಲೀಟರ್ ವಿ10 ಅಥವಾ ವರ್ಕ್‌ಹಾರ್ಸ್ ಕಂಪನಿಯ ಚಾಸಿಯ (ಗಾಡಿಯ ತಳಚೌಕಟ್ಟಿನ) ಮೇಲಿನ 8.1 ಲೀಟರ್ ಜಿಎಂ ಎಂಜಿನ್ ಸಾಕು, ರಿಪೇರಿಯೂ ಸುಲಭ. ಹತ್ತು ಹನ್ನೆರಡು ಟನ್ ತೂಕ ಹೊತ್ತು, ಹಿಂದೆ ಕಾರನ್ನೂ ಎಳೆದುಕೊಂಡು ಬೆಟ್ಟ ಹತ್ತಬೇಕಾದಾಗ ಡೀಸೆಲ್ಲಿನ ಬೆಲೆ ಗೊತ್ತಾಗುತ್ತದೆ. ಆ ವಿ10 ತನ್ನ ಪೂರ್ತಿ ಶಕ್ತಿ ಕೊಡಬೇಕಾದರೆ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ (ಆರ್‌ಪಿಎಂ) ಮೇಲೆ ಕಿರುಚಬೇಕು. ಡೀಸೆಲ್ ಅದೇ ಕೆಲಸವನ್ನು ಅದರ ಅರ್ಧದಷ್ಟು ಆರ್‌ಪಿಎಂನಲ್ಲಿ ಮಾಡುತ್ತದೆ. ಎಂಜಿನ್ ಹಿಂದಿರುವ ಗಾಡಿಗೆ ಇಲ್ಲಿ ಡೀಸೆಲ್ ಪುಷರ್ ಎನ್ನುತ್ತಾರೆ. ಅದರಲ್ಲಿ ಮುಂದೆ ಕೂತವರು ಪಿಸುಮಾತಿನಲ್ಲಿ ಹರಟೆ ಹೊಡೆಯಬಹುದು. ನಮ್ಮಮ್ಮ ಬಂದಾಗ ಮೊದಲು ಮೆಚ್ಚಿದ್ದು ಇದನ್ನೇ.

ಮೈಲೇಜ್ ನೋಡಿ ಡೀಸೆಲ್ ಕೊಳ್ಳುವುದು ಮಾತ್ರ ಸರಿಯಲ್ಲ. ದೊಡ್ಡ ಪುಷರ್ ಗ್ಯಾಲನ್ನಿಗೆ 7ರಿಂದ 10 ಮೈಲಿ ಕೊಡುತ್ತದೆ, ಅಷ್ಟೆ. ಒಮ್ಮೆ ಆಯಿಲ್ ಬದಲಿಸಲು ಎಂಜಿನ್ ಗಾತ್ರ ನೋಡಿಕೊಂಡು 15ರಿಂದ 26 ಲೀಟರ್ ಬೇಕಾಗುತ್ತದೆ. ಈ ಖರ್ಚು ಲೆಕ್ಕದಲ್ಲಿರಲಿ.

ಕಮಿನ್ಸ್ ಒಳ್ಳೆಯದೋ, ಕ್ಯಾಟರ್‌ಪಿಲ್ಲರ್ ಒಳ್ಳೆಯದೋ?

ಎಲ್ಲರ ಮೊದಲ ಪ್ರಶ್ನೆ ಇದೇ. ಇದಕ್ಕೆ ಒಂದು ಪದದ ಉತ್ತರ ಕೊಡುವವರನ್ನು ನಂಬಬೇಡಿ. ಎರಡೂ ಕಂಪನಿಗಳು ಅದ್ಭುತ ಎಂಜಿನ್ ಮಾಡಿವೆ, ಎರಡೂ ಕೆಲವು ವರ್ಷ ಎಡವಿವೆ. ಹಾಗಾಗಿ ಗಾಡಿಯ ಮೇಲಿನ ಹೆಸರು ಪಕ್ಕಕ್ಕಿರಲಿ, ಮೂರು ಸಂಗತಿ ಕೇಳಿ. ಎಂಜಿನ್ ತಯಾರಾದ ಇಸವಿ ಯಾವುದು? ಅದರ ಇಂಧನ ಪಂಪ್ ಯಾವ ಬಗೆಯದು? ಅದು ಎಳೆಯಬೇಕಾದ ತೂಕ ಎಷ್ಟು? ಒಂದೇ 5.9 ಲೀಟರ್ ಕಮಿನ್ಸ್ 1997ರಲ್ಲಿ ಒಂದು ರೀತಿ, 2000ದಲ್ಲಿ ಇನ್ನೊಂದು ರೀತಿ, 2004ರಲ್ಲಿ ಮತ್ತೊಂದು ರೀತಿ. ಹೊರಗಿನಿಂದ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವುಗಳ ಕಾಯಿಲೆಗಳು ಮಾತ್ರ ಬೇರೆ ಬೇರೆ.

ಇಸವಿಯನ್ನು ಗಾಡಿಯ ನೋಂದಣಿ ಪತ್ರದಿಂದ ತೆಗೆದುಕೊಳ್ಳಬೇಡಿ. 2007ರ ಮಾದರಿ ಎಂದು ಮಾರಿದ ಎಷ್ಟೋ ಗಾಡಿಗಳಲ್ಲಿ 2006ರಲ್ಲಿ ತಯಾರಾದ ಎಂಜಿನ್ ಇದೆ. ಎಂಜಿನ್ನಿಗೆ ಅಂಟಿಸಿದ ಲೋಹದ ಫಲಕದಲ್ಲಿ ತಯಾರಾದ ದಿನ, ಸೀರಿಯಲ್ ನಂಬರ್, ಕಮಿನ್ಸ್ ಆದರೆ ಅದರ ಬಿಡಿಭಾಗಗಳ ಪಟ್ಟಿಯನ್ನು ಸೂಚಿಸುವ ಸಿಪಿಎಲ್ ನಂಬರ್ ಇರುತ್ತದೆ. ಅದರ ಫೋಟೋ ಕಳಿಸಿ ಎಂದು ಮಾರುವವರನ್ನು ಕೇಳಿ. ಕಮಿನ್ಸ್‌ನ ಕ್ವಿಕ್‌ಸರ್ವ್ ಆನ್‌ಲೈನ್ ತಾಣದಲ್ಲಿ ಆ ಸೀರಿಯಲ್ ನಂಬರ್ ಹಾಕಿದರೆ ನಿಮ್ಮ ಎಂಜಿನ್ ಕಾರ್ಖಾನೆಯಿಂದ ಯಾವ ಪಂಪಿನೊಂದಿಗೆ, ಎಷ್ಟು ಹಾರ್ಸ್‌ಪವರ್‌ಗೆ ಹೊಂದಿಸಿ ಹೊರಬಂತು ಎಂಬುದು ತಿಳಿಯುತ್ತದೆ.

ಐಎಸ್‌ಬಿ, ಐಎಸ್‌ಸಿ, ಐಎಸ್‌ಎಲ್, ಐಎಸ್‌ಎಂ. ಏನಿವು?

ಮೊದಲೆರಡು ಅಕ್ಷರ ಇಂಟರಾಕ್ಟ್ ಸಿಸ್ಟಂ, ಅಂದರೆ ಕಂಪ್ಯೂಟರ್ ನಿಯಂತ್ರಣದ ಎಂಜಿನ್. ಕೊನೆಯ ಅಕ್ಷರ ಎಂಜಿನ್ನಿನ ಕುಟುಂಬ. ಬಿ ಎಂದರೆ 5.9 ಲೀಟರ್, 2007ರಿಂದ 6.7 ಲೀಟರ್. ಸಿ ಎಂದರೆ 8.3, ಎಲ್ ಎಂದರೆ 8.9, ಎಂ ಎಂದರೆ ಸುಮಾರು 11 ಲೀಟರ್. ಐಎಸ್‌ಎಕ್ಸ್ 15 ಲೀಟರಿನದು, ಅದು ಬಸ್ಸಿನಂಥ ಅತಿ ದೊಡ್ಡ ಗಾಡಿಗಳಿಗೆ. ಇವೆಲ್ಲವೂ ಸಾಲಾಗಿ ಆರು ಸಿಲಿಂಡರ್ ಇರುವವು.

ಮೂವತ್ತಾರು ಅಡಿ ಗಾಡಿಗೆ 300 ಹಾರ್ಸ್‌ಪವರ್ ಸಾಕೇ?

ಹಾರ್ಸ್‌ಪವರ್ ಒಂದನ್ನೇ ನೋಡಬೇಡಿ, ಟಾರ್ಕ್, ಅಂದರೆ ತಿರುಗಿಸುವ ಬಲ, ನೋಡಿ. 300 ಹಾರ್ಸ್‌ಪವರ್‌ನ ಐಎಸ್‌ಬಿ ಸುಮಾರು 600ರಿಂದ 660 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ. 330ರ ಐಎಸ್‌ಸಿ 950 ಕೊಡುತ್ತದೆ. ಹಾರ್ಸ್‌ಪವರ್‌ನಲ್ಲಿ ವ್ಯತ್ಯಾಸ ಬರೀ ಮೂವತ್ತು, ಬೆಟ್ಟದಲ್ಲಿ ಮಾತ್ರ ಅಜಗಜಾಂತರ. 400ರ ಐಎಸ್‌ಎಲ್ 1200 ಪೌಂಡ್-ಅಡಿ. 350ರ ಕ್ಯಾಟ್ (ಕ್ಯಾಟರ್‌ಪಿಲ್ಲರ್) ಸಿ7ನದು 860, 400ರ ಸಿ9ನದು 1100.

ನನ್ನ ಅಳತೆ ಹೀಗಿದೆ: ತುಂಬಿದ ಗಾಡಿ 26,000 ಪೌಂಡ್, ಅಂದರೆ ಸುಮಾರು 11.8 ಟನ್ ಒಳಗಿದ್ದರೆ ಐಎಸ್‌ಬಿ ಸಾಕು. 32,000 ಪೌಂಡ್‌ವರೆಗೆ ಐಎಸ್‌ಸಿ ಅಥವಾ ಸಿ7. ಅದಕ್ಕೂ ಮೇಲಿದ್ದರೆ ಐಎಸ್‌ಎಲ್ ಅಥವಾ ಸಿ9ಕ್ಕಿಂತ ಕೆಳಗೆ ಹೋಗಬೇಡಿ. ನಿಂತಾಗ ಹೊರಕ್ಕೆ ಚಾಚುವ ಕೋಣೆಯ ಭಾಗಗಳು, ಅಂದರೆ ಸ್ಲೈಡ್‌ಔಟ್, ಮೂರು ನಾಲ್ಕು ಇರುವ ನಲವತ್ತು ಅಡಿಯ ಗಾಡಿಗೆ ಚಿಕ್ಕ ಎಂಜಿನ್ ಇಟ್ಟು ಕಡಿಮೆ ಬೆಲೆಗೆ ಮಾರಿದ ಕಾಲವೂ ಒಂದಿತ್ತು. ಅಂಥ ಗಾಡಿಯ ಎಂಜಿನ್ ಕೆಟ್ಟದ್ದೇನಲ್ಲ, ಬಡಪಾಯಿಯ ಮೇಲೆ ಭಾರ ಹೆಚ್ಚು. ಕೊಲೊರಾಡೊದ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಆ ಏರಿನಲ್ಲಿ ಲಾರಿಗಳ ಸಾಲಿನಲ್ಲಿ ತೆವಳಿಕೊಂಡು ಹೋಗಲು ನಿಮಗೆ ಬೇಸರವಿಲ್ಲದಿದ್ದರೆ ಚಿಕ್ಕ ಎಂಜಿನ್ನೂ ಮೇಲೆ ಮುಟ್ಟಿಸುತ್ತದೆ.

1998ಕ್ಕೆ ಮುಂಚಿನ ಹನ್ನೆರಡು ವಾಲ್ವಿನ ಕಮಿನ್ಸ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ನಿಜವೇ?

ನಿಜ. ಈ ಎಂಜಿನ್ ನಮ್ಮ ಊರಿನವರಿಗೆ ಹೊಸದೂ ಅಲ್ಲ. ಇದೇ 5.9 ಲೀಟರ್ ಬಿ ಕುಟುಂಬದ ಎಂಜಿನ್ನನ್ನು ಟಾಟಾ ಕಮಿನ್ಸ್ ಜಮ್‌ಶೆಡ್‌ಪುರದಲ್ಲಿ ಮಾಡಿತು, ನಮ್ಮ ಹೆದ್ದಾರಿಗಳಲ್ಲಿ ಎಷ್ಟೋ ಟಾಟಾ ಲಾರಿಗಳು ಅದರ ಬಲದಿಂದಲೇ ಓಡಿದವು. ಇಲ್ಲಿ 1990ರ ದಶಕದ ಮಧ್ಯದ ಮಾದರಿಗಳಲ್ಲಿ ಬಾಷ್‌ನ ಪಿ7100 ಇನ್‌ಲೈನ್ ಪಂಪ್, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಸಣ್ಣ ಪಂಪನ್ನು ಸಾಲಾಗಿ ಜೋಡಿಸಿದ್ದು, ಇರುತ್ತದೆ. ಬೆಂಗಳೂರಿನ ಅಡುಗೋಡಿಯ ಡೀಸೆಲ್ ಪಂಪ್ ಕಾರ್ಖಾನೆ ಮೈಕೋ ಗೊತ್ತಿದ್ದವರಿಗೆ ಇನ್‌ಲೈನ್ ಪಂಪ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಕಾಟವಿಲ್ಲ. ಡೀಸೆಲ್ ಬಂದರೆ ಓಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ.

ಒಂದು ಕುಂದಿದೆ. ಮುಂಭಾಗದ ಗೇರ್ ಕವಚದೊಳಗೆ ಒಂದು ಸಣ್ಣ ಉಕ್ಕಿನ ಪಿನ್ ಇದೆ. ವರ್ಷಗಟ್ಟಲೆ ನಡುಕಕ್ಕೆ ಅದು ಸಡಿಲಗೊಂಡು ಗೇರುಗಳ ನಡುವೆ ಬಿದ್ದರೆ ಎಂಜಿನ್ನೇ ಹೋಯಿತು. ಅದಕ್ಕೇ ಮೆಕಾನಿಕ್‌ಗಳು ಇದನ್ನು ಕಿಲ್ಲರ್ ಡೋವೆಲ್ ಪಿನ್ ಎನ್ನುತ್ತಾರೆ. ಪಿನ್ ಹೊರಬರದಂತೆ ಅಡ್ಡ ಕೊಡುವ ಸಣ್ಣ ತಗಡು ಸಿಗುತ್ತದೆ, ಖರ್ಚೆಲ್ಲ ಬಿಚ್ಚುವ ಕೂಲಿಯದು. ಪುಷರ್‌ನಲ್ಲಿ ಎಂಜಿನ್ನಿನ ಮುಖ ಗಾಡಿಯ ಹಿಂಬದಿಗೆ ತಿರುಗಿರುತ್ತದೆ. ರೇಡಿಯೇಟರ್ ಪಕ್ಕದಲ್ಲಿದ್ದರೆ ಕೆಲಸ ಸಲೀಸು, ಹಿಂದೆಯೇ ಇದ್ದರೆ ಮೊದಲು ಅದನ್ನು ಇಳಿಸಬೇಕು. "ಈ ಕೆಲಸ ಮಾಡಿಸಿದ್ದೀರಾ?" ಎಂದು ಕೇಳಿ. ಮಾಡಿಸಿದ ಮಾಲೀಕರು ರಸೀದಿ ತೆಗೆದು ತೋರಿಸುತ್ತಾರೆ.

1999ರಿಂದ 2002ರ ಐಎಸ್‌ಬಿ ಕೊಳ್ಳಬೇಡಿ ಎನ್ನುತ್ತಾರಲ್ಲ?

ಕೊಳ್ಳಲೇಬಾರದು ಎಂದೇನಿಲ್ಲ, ಗೊತ್ತಿದ್ದು ಕೊಳ್ಳಬೇಕು. ಈ ಇಪ್ಪತ್ನಾಲ್ಕು ವಾಲ್ವಿನ ಎಂಜಿನ್ನಿಗೆ ಬಾಷ್‌ನ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪ್ ಇದೆ. ಅದಕ್ಕೆ ತಂಪೂ ಜಾರುಗುಣವೂ ಡೀಸೆಲ್ಲಿನಿಂದಲೇ ಸಿಗಬೇಕು. ಟ್ಯಾಂಕಿನಿಂದ ಡೀಸೆಲ್ ಎತ್ತಿಕೊಡುವ ಸಣ್ಣ ಲಿಫ್ಟ್ ಪಂಪ್ ಸೋತರೆ ವಿಪಿ44 ಒಣಗಿ ಸಾಯುತ್ತದೆ, ಖರ್ಚು ಸಾವಿರಾರು ಡಾಲರ್. ಡೀಸೆಲ್ ಒತ್ತಡದ ಗೇಜ್ ಒಂದನ್ನು ಹಾಕಿಸಿಕೊಳ್ಳಿ. ಏರಿನಲ್ಲಿ ಮುಳ್ಳು 10 ಪಿಎಸ್‌ಐಗಿಂತ ಕೆಳಗೆ ಬಿದ್ದರೆ ಲಿಫ್ಟ್ ಪಂಪ್ ಬದಲಿಸುವ ಕಾಲ ಬಂತು ಎಂದರ್ಥ.

ಇನ್ನೊಂದು, ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಎರಕದ ಒಡಲು. ಈ ಅವಧಿಯ ಕೆಲವು ಬ್ಲಾಕ್‌ಗಳ ಪಕ್ಕದಲ್ಲಿ 53 ಎಂಬ ಅಂಕಿ ಎರಕದಲ್ಲೇ ಮೂಡಿರುತ್ತದೆ. ಅವುಗಳ ಗೋಡೆ ನೀರಿನ ಕೊಳವೆಯ ಬಳಿ ತೆಳುವಾಗಿದ್ದು ಬಿರುಕು ಬಿಡುವ ಸ್ವಭಾವದ್ದು. 53 ಇದ್ದ ಮಾತ್ರಕ್ಕೆ ಬಿರುಕು ಬಿಟ್ಟೇಬಿಡುತ್ತದೆ ಎಂದಲ್ಲ. ಟಾರ್ಚ್ ಹಿಡಿದು ಬ್ಲಾಕಿನ ಪಕ್ಕದಲ್ಲಿ ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಒಸರಿದ ಗುರುತು ಹುಡುಕಿ, ಬೆಲೆಯಲ್ಲೂ ಚೌಕಾಸಿ ಮಾಡಿ.

2003ರಿಂದ ಇದೇ ಎಂಜಿನ್ನಿಗೆ ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಒತ್ತಡದ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಬಂತು. ಸದ್ದು ಇಳಿಯಿತು, ವಿಪಿ44ನ ಚಿಂತೆ ಹೋಯಿತು.

ಐಎಸ್‌ಸಿ, ಐಎಸ್‌ಎಲ್‌ನಲ್ಲಿ ಕ್ಯಾಪ್ಸ್ ಪಂಪ್ ಎಂಬ ಹೆಸರು ಕೇಳಿದೆ.

1998ರಿಂದ 2003ರವರೆಗಿನ 8.3 ಲೀಟರ್ ಎಂಜಿನ್‌ಗಳಲ್ಲೂ ಮೊದಲ ಕಾಲದ 8.9 ಲೀಟರಿನವುಗಳಲ್ಲೂ ಕಮಿನ್ಸ್‌ನದೇ ಆದ ಕ್ಯಾಪ್ಸ್ ಎಂಬ ಪಂಪ್ ಇತ್ತು. ಕೆಟ್ಟರೆ ಬಲು ದುಬಾರಿ. ಇಲ್ಲಿಯೂ ಮೂಲ ಕಾರಣ ಹೆಚ್ಚಾಗಿ ಸಣ್ಣ ಲಿಫ್ಟ್ ಪಂಪೇ. ಕೀ ತಿರುಗಿಸಿದಾಗ ಅದು ಸುಮಾರು ಅರ್ಧ ನಿಮಿಷ ಗುಂಯ್‌ಗುಟ್ಟಿ ಕ್ಯಾಪ್ಸ್‌ಗೆ ಡೀಸೆಲ್ ತುಂಬಿ ನಿಲ್ಲುತ್ತದೆ. ಆ ಸದ್ದು ಬರದಿದ್ದರೆ ಕ್ಯಾಪ್ಸ್ ದಿನಾ ಬೆಳಿಗ್ಗೆ ಗಾಳಿ ಕುಡಿದು ಶುರುವಾಗುತ್ತಿದೆ ಎಂದೇ ಲೆಕ್ಕ. ಗಾಡಿ ನೋಡಲು ಹೋದಾಗ ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಹಿಂದೆ ಎಂಜಿನ್ನಿನ ಹತ್ತಿರ ಕಿವಿಗೊಟ್ಟು ನಿಲ್ಲಲಿ. ದಮ್ಮಡಿ ಖರ್ಚಿಲ್ಲದ ಪರೀಕ್ಷೆ ಇದು.

ಕಾಮನ್ ರೈಲ್‌ಗೆ ಬದಲಾದ ನಂತರದ ಐಎಸ್‌ಎಲ್, ಅಂದರೆ 2004ರಿಂದ 2006ರ ಫಲಕ ಇರುವುದು, ನನ್ನ ಮಟ್ಟಿಗೆ ಈ ಇಡೀ ಪಟ್ಟಿಯಲ್ಲೇ ಮನಸ್ಸಿಗೆ ಹತ್ತಿರವಾದ ಎಂಜಿನ್.

ಹಾಗಾದರೆ ಕ್ಯಾಟ್ 3126, ಸಿ7 ಬೇಡವೇ?

ಬೇಡ ಎನ್ನಲಾರೆ. 3126 ಮತ್ತು ಮೊದಲ ವರ್ಷಗಳ ಸಿ7, ಎರಡೂ 7.2 ಲೀಟರ್, ಗಟ್ಟಿ ಎಂಜಿನ್‌ಗಳು. ಅವುಗಳ ಸ್ವಭಾವ ಒಂದನ್ನು ತಿಳಿದಿರಬೇಕು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಅವುಗಳ ಇಂಜೆಕ್ಟರ್‌ಗಳನ್ನು ಒತ್ತುವುದು ಹೆಚ್ಚಿನ ಒತ್ತಡದ ಎಂಜಿನ್ ಆಯಿಲ್. ಈ ವ್ಯವಸ್ಥೆಗೆ ಹ್ಯೂಯಿ ಎಂದು ಹೆಸರು. ಬೇರೆ ಎಂಜಿನ್ನಿನಲ್ಲಿ ಆಯಿಲ್ ಬದಲಿಸುವುದು ತಡವಾದರೆ ಬೇರಿಂಗ್ ಸವೆಯಬಹುದು. ಇಲ್ಲಿ ಇಂಜೆಕ್ಟರ್‌ಗಳೂ ನೇರವಾಗಿ ಪೆಟ್ಟು ತಿನ್ನುತ್ತವೆ. ಆ ಒತ್ತಡದ ಪಂಪ್ ಒಳಗೇ ಸವೆದು ಮುರಿದರೆ ಲೋಹದ ಪುಡಿ ಆರೂ ಇಂಜೆಕ್ಟರ್‌ಗಳಿಗೆ ಹರಿಯುತ್ತದೆ, ಆಗ ಬರುವ ಬಿಲ್ಲು ಎದೆ ನಡುಗಿಸುತ್ತದೆ. ಆದ್ದರಿಂದ ಕ್ಯಾಟ್ ಕೊಳ್ಳುವಾಗ ಆಯಿಲ್ ಬದಲಿಸಿದ ರಸೀದಿಗಳೇ ಅದರ ಜಾತಕ. ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿದ ದಾಖಲೆ ಇದ್ದರೆ ನಿಶ್ಚಿಂತೆಯಿಂದ ಕೊಳ್ಳಿ, ಇಲ್ಲದಿದ್ದರೆ ಎಷ್ಟು ಹೊಳೆಯುತ್ತಿದ್ದರೂ ಬಿಟ್ಟು ಬನ್ನಿ.

ಫೋರ್ಡ್‌ನ 7.3 ಪವರ್ ಸ್ಟ್ರೋಕ್‌ನಲ್ಲಿರುವುದೂ ಇದೇ ಹ್ಯೂಯಿ ಪದ್ಧತಿ. ಅದು ದೀರ್ಘಾಯುಷಿ ಎಂದು ಹೆಸರು ಮಾಡಿದೆ. ಹಾಗಾಗಿ ಹ್ಯೂಯಿ ಎಂದ ಕೂಡಲೇ ಓಡಿಹೋಗುವ ಅಗತ್ಯವಿಲ್ಲ.

ಕ್ಯಾಟರ್‌ಪಿಲ್ಲರ್ ರಸ್ತೆ ವಾಹನಗಳ ಎಂಜಿನ್ ಮಾರುಕಟ್ಟೆಯಿಂದ ಹೊರಬರುವುದಾಗಿ 2008ರಲ್ಲಿ ಹೇಳಿತು, 2010ರಿಂದ ಹೊಸದಾಗಿ ಕೊಡಲಿಲ್ಲ. ಬಿಡಿಭಾಗಗಳ ಚಿಂತೆ ಬೇಡ. ಈ ಎಂಜಿನ್‌ಗಳು ಶಾಲಾ ಬಸ್, ಲಾರಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ.

ಡೆಟ್ರಾಯಿಟ್ ಸೀರೀಸ್ 60?

12.7 ಲೀಟರಿನ ದೊಡ್ಡ ಲಾರಿ ಎಂಜಿನ್. ಪ್ರಿವೋಸ್ಟ್ ಬಸ್ ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮ್‌ಗಳಲ್ಲಿ ಸಿಗುತ್ತದೆ. ಇದನ್ನು ಬಲ್ಲ ಲಾರಿ ಮೆಕಾನಿಕ್ ಅಮೆರಿಕದ ಯಾವ ಮೂಲೆಯಲ್ಲೂ ಇದ್ದಾನೆ. ಎಂಜಿನ್ ನಿಮಗೆ ಕೈಕೊಡಲಿಕ್ಕಿಲ್ಲ, ಬಸ್ಸಿನ ಉಳಿದ ಖರ್ಚು ಭರಿಸುವ ಶಕ್ತಿ ನಿಮಗಿದೆಯೇ ನೋಡಿಕೊಳ್ಳಿ.

ಅಷ್ಟು ದೊಡ್ಡದು ಬೇಡ. ಮರ್ಸಿಡಿಸ್‌ನ ಸ್ಪ್ರಿಂಟರ್ ವ್ಯಾನ್ ಅಥವಾ ಫೋರ್ಡ್ ಚಾಸಿಯ ಮೇಲೆ ಕಟ್ಟಿದ ಚಿಕ್ಕದು ಹೇಗೆ?

ಇಬ್ಬರಿಗೆ, ಊರೊಳಗೂ ಓಡಿಸಲು ಸ್ಪ್ರಿಂಟರ್ ತುಂಬ ಹಿತ. 2007ರಿಂದ ಬಂದ 3 ಲೀಟರ್ ವಿ6, ಓಎಂ642, ಚುರುಕಾಗಿ ಓಡುತ್ತದೆ. ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕೂತ ಆಯಿಲ್ ಕೂಲರ್‌ನ ಸೀಲ್‌ಗಳು ವಯಸ್ಸಾದಂತೆ ಸೋರುತ್ತವೆ. ಸೀಲ್ ಬೆಲೆ ಅತ್ಯಲ್ಪ, ಅಲ್ಲಿಗೆ ಕೈ ಹೋಗಬೇಕಾದರೆ ಮೇಲಿನದೆಲ್ಲ ಬಿಚ್ಚಬೇಕು. ಇದನ್ನು ರಿಪೇರಿ ಮಾಡಬಲ್ಲ ಗ್ಯಾರೇಜುಗಳು ಸಣ್ಣ ಊರುಗಳಲ್ಲಿ ಕಡಿಮೆ.

ಫೋರ್ಡ್‌ನಲ್ಲಿ 7.3 ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ಅದರ ಕ್ಯಾಮ್ ಪೊಸಿಷನ್ ಸೆನ್ಸರ್ ಹೇಳದೆ ಕೇಳದೆ ಕೆಟ್ಟು ಎಂಜಿನ್ ನಿಲ್ಲಿಸುತ್ತದೆ, ಒಂದು ಹೊಸದು ಸದಾ ಗಾಡಿಯಲ್ಲಿರಲಿ. ಅದರ ನಂತರದ 6.0 ಲೀಟರಿನಲ್ಲಿ ಆಯಿಲ್ ಕೂಲರ್ ಕಟ್ಟಿಕೊಂಡು, ಅದರಿಂದ ಎಂಜಿನ್ನಿಗೇ ಮರಳಿಸುವ ಹೊಗೆಯನ್ನು ತಂಪುಮಾಡುವ ಇಜಿಆರ್ ಕೂಲರ್ ಒಡೆದು, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುವ ಸರಪಳಿ ಸಾಮಾನ್ಯ. ಇವುಗಳನ್ನೆಲ್ಲ ಬದಲಿಸಿದ ದಾಖಲೆ ಇಲ್ಲದ 6.0 ಅನ್ನು ನಾನು ಕೊಳ್ಳುವುದಿಲ್ಲ.

2007, 2010 ಎಂದು ಎಲ್ಲರೂ ಗೆರೆ ಎಳೆಯುತ್ತಾರೆ. ಯಾಕೆ?

ಹೊಗೆ ನಿಯಮಗಳಿಂದ. 2007ರ ನಿಯಮಕ್ಕೆ ಸೈಲೆನ್ಸರ್ ಜಾಗದಲ್ಲಿ ಮಸಿ ಹಿಡಿಯುವ ಡಿಪಿಎಫ್ ಬಂತು. 2010ರ ನಿಯಮಕ್ಕೆ ಶೇ. 32.5ರಷ್ಟು ಯೂರಿಯಾ ಇರುವ ಡಿಇಎಫ್ ದ್ರಾವಣವನ್ನು ಹೊಗೆಗೆ ಸಿಂಪಡಿಸುವ ವ್ಯವಸ್ಥೆ ಬಂತು. ಗಾಳಿ ಶುದ್ಧವಾಗಿದ್ದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಈ ವ್ಯವಸ್ಥೆಗಳು ದಿನಾ ಓಡುವ ಲಾರಿಗೆ ಹೇಳಿ ಮಾಡಿಸಿದವು, ಮೋಟರ್‌ಹೋಮ್ ಆದರೋ ಆರು ತಿಂಗಳು ನಿಂತೇ ಇರುತ್ತದೆ. ಡಿಪಿಎಫ್ ಒಳಗಿನ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಕಾಯಬೇಕು, ಅದಕ್ಕೆ ಹೆದ್ದಾರಿಯ ಓಟ ಬೇಕು. ಡಿಇಎಫ್ ಬಿಸಿಲಿಗೆ ಕೆಡುತ್ತದೆ, ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಒಣಗಿದರೆ ಬಿಳಿ ಹರಳಾಗಿ ಕೂರುತ್ತದೆ. ಅದರ ಟ್ಯಾಂಕಿನ ಸೆನ್ಸರ್ ಕೆಟ್ಟರೆ ಎಂಜಿನ್ ಸರಿಯಿದ್ದರೂ ಕಂಪ್ಯೂಟರ್ ಗಾಡಿಯನ್ನು ಗಂಟೆಗೆ 5 ಮೈಲಿ ವೇಗಕ್ಕೆ ಕಟ್ಟಿಹಾಕುತ್ತದೆ. 2021ರಲ್ಲಿ ಆ ಸೆನ್ಸರ್‌ಗಳಿಗೇ ಬರ ಬಂದು ಎಷ್ಟೋ ಕುಟುಂಬಗಳು ರಜೆಯ ನಡುವೆ ದಾರಿಯಲ್ಲೇ ಉಳಿದವು.

ಹೊಸದಾದ ಗಾಡಿ ಇಷ್ಟವಾದರೆ ಕೊಳ್ಳಿ, ಅದನ್ನು ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ಒಂದು ಗಂಟೆಯಾದರೂ ಓಡಿಸಿ. "ಡಿಪಿಎಫ್ ಕಿತ್ತು ಹಾಕಿಸಿದ್ದೇನೆ, ಚಿಂತೆಯಿಲ್ಲ" ಎಂದು ಮಾರುವವರು ಹೇಳಿದರೆ ಅಲ್ಲಿಂದ ಹೊರಡಿ. ಅದು ಕಾನೂನಿಗೆ ವಿರುದ್ಧ, ನಾಳೆ ನೋಂದಣಿಯ ತಲೆನೋವು ನಿಮ್ಮದಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವವರು ಬೇರೇನಾದರೂ ಗಮನಿಸಬೇಕೇ?

ಹೌದು. ಇಲ್ಲಿ 14,000 ಪೌಂಡ್ ಮೀರಿದ ಡೀಸೆಲ್ ವಾಹನಗಳಿಗೆ ಕ್ಲೀನ್ ಟ್ರಕ್ ಚೆಕ್ ಎಂಬ ಹೊಗೆ ತಪಾಸಣೆ ಇದೆ. ಸ್ವಂತಕ್ಕೆ ಇಟ್ಟುಕೊಂಡ ಮೋಟರ್‌ಹೋಮ್‌ಗೂ ಅದು ಬಿಟ್ಟದ್ದಲ್ಲ, ವರ್ಷಕ್ಕೊಮ್ಮೆ ಮಾಡಿಸಬೇಕು. ಬೇರೆ ರಾಜ್ಯದಿಂದ ಅಗ್ಗಕ್ಕೆ ತರುವ ಮುಂಚೆ ಆ ಎಂಜಿನ್ ಇದರಲ್ಲಿ ಪಾಸಾಗುವುದೇ ಎಂದು ಖಚಿತ ಮಾಡಿಕೊಳ್ಳಿ. ಗಾಡಿ 40 ಅಡಿ ಮೀರಿದರೆ ಮಾಮೂಲಿ ಲೈಸೆನ್ಸ್ ಸಾಲದು, ವಾಣಿಜ್ಯೇತರ ಕ್ಲಾಸ್ ಬಿ ಬೇಕು.

ರೇಡಿಯೇಟರ್ ಹಿಂದಿದೆಯೋ ಪಕ್ಕದಲ್ಲಿದೆಯೋ ಎಂದು ಯಾಕೆ ಅಷ್ಟು ಒತ್ತಿ ಕೇಳುತ್ತೀರಿ?

ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ನನ್ನ ಮೊದಲ ಗಾಡಿಯಲ್ಲಿ ರೇಡಿಯೇಟರ್ ಹಿಂದಿತ್ತು. ಜುಲೈ ತಿಂಗಳು, ಲಾಸ್ ಏಂಜಲೀಸ್ ಕಡೆಗೆ ಹೊರಟು ಗ್ರೇಪ್‌ವೈನ್ ಏರು ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ಬಿಸಿಯ ಮುಳ್ಳು ಮೇಲೇರತೊಡಗಿತು. ಎಸಿ ಆರಿಸಿದೆ, ಗೇರ್ ಇಳಿಸಿದೆ, ಏನೂ ಆಗಲಿಲ್ಲ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ, ಒಳಗೆ ಅಮ್ಮನನ್ನು ಕೂರಿಸಿಕೊಂಡು, ಎರಡು ಗಂಟೆ ಕಾದೆ. ಕೊಳ್ಳುವ ಮುಂಚೆ ತಪಾಸಣೆ ಮಾಡಿದ ಗ್ಯಾರೇಜಿನವರು ರೇಡಿಯೇಟರ್ ಹೊರಮೈ ನೋಡಿ ಸ್ವಚ್ಛವಾಗಿದೆ ಎಂದು ಬರೆದುಕೊಟ್ಟಿದ್ದರು. ಕೊಳೆ ಇದ್ದದ್ದು ಒಳಮೈಯಲ್ಲಿ.

ಆಗುವುದು ಹೀಗೆ. ಎಂಜಿನ್ ಉಸಿರು ಬಿಡುವ ಒಂದು ಕೊಳವೆ ಇದೆ, ಅದರಿಂದ ಆಯಿಲ್ ಹನಿಗಳು ಬೀಳುತ್ತವೆ. ಹಿಂದಿನ ಫ್ಯಾನ್ ಆ ಹನಿಗಳನ್ನೂ ರಸ್ತೆಯ ಧೂಳನ್ನೂ ಸೇರಿಸಿ ಟರ್ಬೊ ಗಾಳಿ ತಂಪುಮಾಡುವ ಕೂಲರ್‌ಗೆ, ಅದರ ಹಿಂದಿನ ರೇಡಿಯೇಟರ್‌ಗೆ ಎರಚುತ್ತದೆ. ಒಲೆ ಮೇಲಿನ ಜಿಡ್ಡಿಗೆ ಹಿಟ್ಟು ಅಂಟಿದಂತೆ ಪದರ ಕಟ್ಟುತ್ತದೆ. ಹಿಂಬದಿಯಿಂದ ನೋಡುವವರಿಗೆ ಅದು ಕಾಣುವುದೇ ಇಲ್ಲ. ಎಂಜಿನ್ ಕಡೆಯಿಂದ, ಮಲಗುವ ಮಂಚದ ಕೆಳಗಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಬೇಕು. ಜಿಡ್ಡು ತೆಗೆಯುವ ದ್ರಾವಣ ಸಿಂಪಡಿಸಿ, ನೆನೆಯಲು ಬಿಟ್ಟು, ಸಾಧಾರಣ ಒತ್ತಡದ ನೀರಿನಿಂದ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಇನ್ನೂ ಕೆಡುತ್ತದೆ. ಆ ಉಸಿರು ಕೊಳವೆಗೆ ಉದ್ದನೆಯ ಹೋಸ್ ಜೋಡಿಸಿ ಫ್ಯಾನಿನ ಆಚೆಗೆ ಒಯ್ದರೆ ಕಾಯಿಲೆ ಮರುಕಳಿಸುವುದಿಲ್ಲ. ನನಗೆ ಆ ಹೋಸಿಗೆ ತಗಲಿದ್ದು ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡು.

ಪಕ್ಕದ ರೇಡಿಯೇಟರಿನಲ್ಲಿ ಈ ತೊಂದರೆ ಕಡಿಮೆ, ಎಂಜಿನ್ನಿಗೂ ಕೈ ಸಲೀಸಾಗಿ ಹೋಗುತ್ತದೆ. ಅದರ ಫ್ಯಾನ್ ಸಾಮಾನ್ಯವಾಗಿ ಹೈಡ್ರಾಲಿಕ್ ಮೋಟರಿನಿಂದ ತಿರುಗುತ್ತದೆ, ಆ ಮೋಟರ್ ಸೋರುತ್ತಿದೆಯೇ ನೋಡಿ. ಒಂದೇ ಬೆಲೆಗೆ ಎರಡೂ ಸಿಕ್ಕರೆ ನಾನು ಯೋಚಿಸದೆ ಪಕ್ಕದ್ದನ್ನು ಆರಿಸುತ್ತೇನೆ.

ಇಳಿಜಾರಿನಲ್ಲಿ ಬ್ರೇಕ್?

ಶಿರಾಡಿ ಘಾಟಿಯಲ್ಲಿ ನಮ್ಮ ಲಾರಿಯವರು ಗೇರಿನಲ್ಲೇ ಇಳಿಸುತ್ತಾರೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದವರ ಡ್ರಮ್ ಕಾದು ಹೊಗೆಯಾಡುತ್ತದೆ. ಇಲ್ಲಿಯೂ ಪಾಠ ಅದೇ. ಐಎಸ್‌ಬಿ, ಐಎಸ್‌ಸಿಗಳಲ್ಲಿ ಸಾಮಾನ್ಯವಾಗಿ ಹೊಗೆದಾರಿಯನ್ನು ಅಡ್ಡಗಟ್ಟಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಐಎಸ್‌ಎಲ್ ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ವಾಲ್ವ್‌ಗಳ ಮೂಲಕ ಎಂಜಿನ್ನನ್ನೇ ಕಂಪ್ರೆಸರ್ ಮಾಡುವ ಜೇಕ್ ಬ್ರೇಕ್ ಸಿಗುತ್ತದೆ, ಅದರ ಹಿಡಿತ ಬಹಳ ಬಲವಾದದ್ದು. ಡಾನರ್ ಪಾಸ್ ಇಳಿಯುವಾಗ ಹಿಂದೆ ಕಾರು ಎಳೆಯುತ್ತಿದ್ದರೂ ನನ್ನ ಕಾಲು ಬ್ರೇಕಿಗೆ ಹೋಗುವುದು ಅಪರೂಪ. ಪರೀಕ್ಷಾ ಓಟದಲ್ಲಿ ಇದನ್ನು ಒತ್ತಿ ನೋಡದೆ ದುಡ್ಡು ಕೊಡಬೇಡಿ.

ಇಪ್ಪತ್ತು ವರ್ಷದಲ್ಲಿ ಬರೀ 30,000 ಮೈಲಿ ಓಡಿದೆ. ಒಳ್ಳೆಯದಲ್ಲವೇ?

ನನಗೆ ಅನುಮಾನ. ಪಿಕಪ್‌ಗಳಲ್ಲಿ ಇದೇ 5.9 ಕಮಿನ್ಸ್ 3 ಲಕ್ಷ ಮೈಲಿ ದಾಟಿರುವುದು ಅಪರೂಪವೇನಲ್ಲ. ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಡೀಸೆಲ್ಲಿಗೆ ಹೆಚ್ಚು ಕೇಡು. ಸೀಲ್‌ಗಳು ಒಣಗುತ್ತವೆ, ಟ್ಯಾಂಕಿನ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಫಿಲ್ಟರ್ ಕಟ್ಟುತ್ತದೆ, ಆಯಿಲ್ ಆಮ್ಲವಾಗುತ್ತದೆ. 80,000 ಮೈಲಿ ಓಡಿ ಪ್ರತಿ ವರ್ಷ ಸರ್ವಿಸ್ ಆದ ಗಾಡಿಯನ್ನೇ ನಾನು ಆರಿಸುವುದು. ಟೈರ್ ಪಕ್ಕದ ನಾಲ್ಕು ಅಂಕಿಯನ್ನೂ ಓದಿ, ಮೊದಲ ಎರಡು ವಾರ, ಕೊನೆಯ ಎರಡು ಇಸವಿ. ಏಳು ವರ್ಷ ದಾಟಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

ಕೂಲಂಟ್ ಬಗ್ಗೆ ಇಷ್ಟು ಮಾತು ಯಾಕೆ? ನೀರಿದ್ದರೆ ಸಾಲದೇ?

ಸಾಲದು. ಕಮಿನ್ಸ್ 8.3, 8.9, ಕ್ಯಾಟ್ ಸಿ9, ಡೆಟ್ರಾಯಿಟ್ 60, ಇವುಗಳಲ್ಲಿ ಸಿಲಿಂಡರಿನ ಒಳಗೋಡೆಯಾಗಿ ಕೂರಿಸಿದ ಬಿಡಿ ಕೊಳವೆಗಳ, ಅಂದರೆ ಲೈನರ್‌ಗಳ, ಹೊರಮೈಗೆ ಕೂಲಂಟ್ ನೇರವಾಗಿ ತಾಗುತ್ತದೆ. ಲೈನರ್ ನಡುಗಿದಾಗ ಏಳುವ ಸಣ್ಣ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುತ್ತವೆ, ಅದನ್ನು ತಡೆಯುವುದು ಕೂಲಂಟಿನಲ್ಲಿರುವ ರಾಸಾಯನಿಕ. ಅದು ಮುಗಿದರೆ ಒಂದು ದಿನ ತೂತೇ ಬೀಳುತ್ತದೆ. ಪರೀಕ್ಷಾ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಅದ್ದಿ ಬಣ್ಣ ನೋಡಿದರೆ ಸಾಕು. ಇಂಥ ಎಂಜಿನ್‌ಗಳ ಒಂದು ಸೌಕರ್ಯವೆಂದರೆ ಸವೆದ ಲೈನರ್ ಮಾತ್ರ ಬದಲಿಸಬಹುದು. 5.9 ಕಮಿನ್ಸ್, 3126, ಸಿ7ಗಳಲ್ಲಿ ಲೈನರ್ ಇಲ್ಲ, ಸಿಲಿಂಡರ್ ಕೆಟ್ಟರೆ ಬ್ಲಾಕನ್ನೇ ಹೊರತೆಗೆದು ಕೊರೆಸಬೇಕು.

ಗಾಡಿ ನೋಡಲು ಹೋದ ದಿನ ಏನು ಮಾಡಬೇಕು?

ಬೆಳಿಗ್ಗೆ ಬೇಗ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. "ಮೊದ್ಲು ಇಂಜಿನ್ ಮುಟ್ಟಿ ನೋಡು ಮಗಾ, ಬೆಚ್ಚಗಿದ್ರೆ ಏನೋ ಮುಚ್ಚಿಡ್ತಾವ್ನೆ ಅಂತ್ಲೇ ಲೆಕ್ಕ" ಎನ್ನುತ್ತಿದ್ದರು ನಮ್ಮಪ್ಪ. ಬ್ಲಾಕ್ ಹೀಟರ್ ತಂತಿಯನ್ನು ರಾತ್ರಿಯಿಡೀ ಸಿಕ್ಕಿಸಿದ್ದರೂ ಎಂಜಿನ್ ಬೆಚ್ಚಗಿರುತ್ತದೆ, ಅದನ್ನೂ ನೋಡಿ. ತಣ್ಣನೆಯ ಎಂಜಿನ್ ಶುರುವಾದಾಗ ಬಿಳಿ ಹೊಗೆ ಸ್ವಲ್ಪ ಬಂದು ಕರಗಿದರೆ ತೊಂದರೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಟರ್ಬೊ ಪೈಪ್ ಸೀಳಿರಬಹುದು. ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಅದು ಕುಣಿದು ಹಾರಿಬಿದ್ದರೆ ಪಿಸ್ಟನ್ ರಿಂಗ್‌ಗಳು ದಣಿದಿವೆ. ಕೂಲಂಟ್ ಬಾಟಲಿಯಲ್ಲಿ ಎಣ್ಣೆಯ ಪಸೆ ಕಂಡರೆ ಮಾತು ಬೆಳೆಸಬೇಡಿ. ನಂತರ ಒಂದು ನಿಜವಾದ ಏರು ಹುಡುಕಿ ಹತ್ತಿಸಿ, ಸಮತಟ್ಟಿನ ಓಟ ಏನನ್ನೂ ಹೇಳುವುದಿಲ್ಲ.

ಆಯಿಲ್ ಪರೀಕ್ಷೆ ಮಾಡಿಸಬೇಕೇ?

ಖಂಡಿತ. ನಲವತ್ತು ಡಾಲರ್ ಆಸುಪಾಸಿನಲ್ಲಿ ಆಗುತ್ತದೆ, ಸಣ್ಣ ಬಾಟಲಿಯಲ್ಲಿ ಎಂಜಿನ್ ಆಯಿಲ್ ಅಂಚೆಗೆ ಹಾಕಿದರೆ ಪ್ರಯೋಗಾಲಯ ವರದಿ ಕಳಿಸುತ್ತದೆ. ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಹಿಂದಿನಿಂದ ಗಾಳಿ ಎಳೆಯುವ ಪುಷರ್‌ಗಳಿಗೆ ಇದೇ ಮಹಾಮಾರಿ, ಧೂಳು ತಿಂದ ಎಂಜಿನ್ ಕಡಿಮೆ ಮೈಲಿಗೇ ಮುಗಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲಂಟ್ ಬೆರೆಯುತ್ತಿದೆ. ಸೀಸ, ತಾಮ್ರ ಜಾಸ್ತಿಯಿದ್ದರೆ ಬೇರಿಂಗ್ ಕಡೆ ನೋಡಿ. ಅಲಿಸನ್ ಗೇರ್‌ಬಾಕ್ಸ್‌ನ ಆಯಿಲನ್ನೂ ಒಂದು ಬಾಟಲಿ ಕಳಿಸಿ. ನಿನ್ನೆ ತಾನೇ ಆಯಿಲ್ ಬದಲಿಸಿದೆವು ಎಂದರೆ ವರದಿಗೆ ಅರ್ಥವಿಲ್ಲ, ಆಗ ಹಳೆಯ ವರದಿಗಳನ್ನು ಕೇಳಿ.

ಗಾಡಿ ಕಟ್ಟಿದ ಕಂಪನಿಯೇ ಮುಚ್ಚಿದೆಯಂತೆ. ಕೊಳ್ಳಬಹುದೇ?

ಕೊಳ್ಳಬಹುದು. ಮೊನಾಕೊ, ಕಂಟ್ರಿ ಕೋಚ್, ಫ್ಲೀಟ್‌ವುಡ್ ಮೂರೂ 2009ರಲ್ಲಿ ದಿವಾಳಿಯಾದವು. ಎಂಜಿನ್ ಕಮಿನ್ಸ್‌ನದು, ಗೇರ್‌ಬಾಕ್ಸ್ ಅಲಿಸನ್‌ನದು, ಅವುಗಳಿಗೆ ಇಂದಿಗೂ ದಿಕ್ಕಿದೆ. ಕಿಟಕಿ ಗಾಜು, ದೀಪದ ಚೌಕಟ್ಟಿಗೆ ಮಾತ್ರ ಗುಜರಿ ಅಂಗಡಿ ಅಲೆಯಬೇಕಾದೀತು.

ನೀವೇ ಈಗ ಕೊಳ್ಳುವುದಾದರೆ?

36ರಿಂದ 40 ಅಡಿ, ಪಕ್ಕದ ರೇಡಿಯೇಟರ್, 2004ರಿಂದ 2006ರ ಫಲಕದ ಕಾಮನ್ ರೈಲ್ ಐಎಸ್‌ಎಲ್ 400, ಅಲಿಸನ್ 3000, ಜೇಕ್ ಬ್ರೇಕ್. ದುಡ್ಡು ಕಡಿಮೆಯಿದ್ದರೆ 34 ಅಡಿಯೊಳಗಿನ, ಡೋವೆಲ್ ಪಿನ್ ಸರಿಮಾಡಿಸಿದ ಹನ್ನೆರಡು ವಾಲ್ವಿನ 5.9. ಆಯಿಲ್ ದಾಖಲೆಯ ದಪ್ಪ ಫೈಲ್ ಜೊತೆಗಿರುವ ಕ್ಯಾಟ್ ಸಿ7 ಸಿಕ್ಕರೆ ದಾಖಲೆ ಇಲ್ಲದ ಐಎಸ್‌ಎಲ್ ಬಿಟ್ಟು ಅದನ್ನೇ ತರುತ್ತೇನೆ.

ಕೊಂಡಾಯಿತು. ಮೊದಲ ವಾರ ಏನು ಮಾಡಲಿ?

ಹಿಂದಿನವರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಎರಡೂ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಕೂಲಂಟ್ ವಯಸ್ಸು ಗೊತ್ತಿಲ್ಲದಿದ್ದರೆ ಅದನ್ನೂ, ಜೊತೆಗೆ ಹೋಸ್ ಮತ್ತು ಬೆಲ್ಟ್‌ಗಳನ್ನೂ ಹೊಸದು ಹಾಕಿಸಿ. ಒಂದು ಜೊತೆ ಡೀಸೆಲ್ ಫಿಲ್ಟರ್, ಒಂದು ಬೆಲ್ಟ್, ಅದನ್ನು ಬಿಚ್ಚುವ ಸ್ಪ್ಯಾನರ್, ಎರಡು ಗ್ಯಾಲನ್ ಅದೇ ಬಗೆಯ ಕೂಲಂಟ್ ಗಾಡಿಯ ಕೆಳಗಿನ ಪೆಟ್ಟಿಗೆಯಲ್ಲಿರಲಿ. ಎಂಜಿನ್ ಫಲಕದ ಫೋಟೋ ಫೋನಿನಲ್ಲಿಟ್ಟುಕೊಳ್ಳಿ. ನಡುದಾರಿಯಲ್ಲಿ ನಿಂತಾಗ ಬಿಡಿಭಾಗದ ಅಂಗಡಿಯವನು ಮೊದಲು ಕೇಳುವುದು ಆ ಸೀರಿಯಲ್ ನಂಬರನ್ನೇ.